ಎರಡನೆಯ ವರ್ಷದ ಪ್ರಶ್ನೆ: ಪಥ್ಯವೂ ವ್ಯಾಯಾಮವೂ ಉಳಿಯುವುದು ಹೇಗೆ?

ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’ ಎಂಬ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ, ಮತ್ತೊಂದಕ್ಕೆ ಊಟದಲ್ಲಿ ಹಿತಮಿತ ಹಾಗೂ ವಾರಕ್ಕೆ 150 ನಿಮಿಷಗಳ ನಡಿಗೆ. ಹುಸಿ ಮಾತ್ರೆಯವರಿಗೆ ಹೋಲಿಸಿದರೆ ಸುಮಾರು ಮೂರು ವರ್ಷದಲ್ಲಿ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಕಾಯಿಲೆ ಶೇ 31ರಷ್ಟು ತಗ್ಗಿತು. ಉಣ್ಣುವ, ನಡೆಯುವ ಕ್ರಮ ಬದಲಿಸಿಕೊಂಡವರಲ್ಲಿ ಶೇ 58ರಷ್ಟು. ಈ ಕೊನೆಯ ಅಂಕಿ ವೈದ್ಯರ ಬಾಯಲ್ಲಿ ಇವತ್ತಿಗೂ ಇದೆ. ಅದೇ ಜನರನ್ನು ಮುಂದೆಯೂ ಹಿಂಬಾಲಿಸಿದಾಗ ಕಂಡದ್ದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮೊದಲ ವರ್ಷ ಸರಾಸರಿ ಏಳು ಕಿಲೊ ಇಳಿದಿದ್ದ ತೂಕದಲ್ಲಿ ಬಹುಪಾಲು ಹತ್ತು ವರ್ಷದ ಹೊತ್ತಿಗೆ ಮರಳಿ ಏರಿತ್ತು. ಸುಮಾರು ಎರಡು ಕಿಲೊ ಇಳಿಕೆಯಷ್ಟೇ ಉಳಿದಿತ್ತು. ಹಾಗಿದ್ದರೂ ಹತ್ತು ವರ್ಷಗಳ ಲೆಕ್ಕದಲ್ಲಿ ಆ ಗುಂಪಿನಲ್ಲಿ ಕಾಯಿಲೆ ಶೇ 34ರಷ್ಟು ಕಡಿಮೆಯೇ ಇತ್ತು.

ಶುರು ಮಾಡುವುದು ಒಂದು ಪ್ರಶ್ನೆ, ಹಿಡಿದದ್ದನ್ನು ಉಳಿಸಿಕೊಳ್ಳುವುದು ಬೇರೆಯೇ ಪ್ರಶ್ನೆ. ಯುಗಾದಿಗೋ ಜನವರಿ ಒಂದಕ್ಕೋ ವಾಕಿಂಗ್ ಶೂ ಕೊಂಡವರು, ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ಗಾಬರಿಯಾಗಿ ಅನ್ನ ಬಿಟ್ಟು ಚಪಾತಿ ಹಿಡಿದವರು, ಮನೆಯ ಮದುವೆಗೆ ಮುಂಚೆ ಜಿಮ್ ಸೇರಿದವರು ನಮ್ಮ ಸುತ್ತ ಬೇಕಾದಷ್ಟು ಜನ. ವ್ಯಾಯಾಮದ ತರಬೇತಿಗೆ ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ಬಿಟ್ಟುಬಿಡುತ್ತಾರೆ ಎಂದು ಸಂಶೋಧಕರು 1980ರ ದಶಕದಿಂದಲೂ ಹೇಳುತ್ತ ಬಂದಿದ್ದಾರೆ. ಯಾಕೆ ಬಿಡುತ್ತಾರೆ, ಬಿಡದೆ ಇರುವವರು ಯಾವ ಬಲದಿಂದ ಇರುತ್ತಾರೆ ಎಂಬ ವಿಷಯದಲ್ಲಿ ಮಾತ್ರ ಒಮ್ಮತವಿಲ್ಲ. ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಶರೀರಶಾಸ್ತ್ರ, ನಗರ ಯೋಜನೆ ಒಂದೊಂದೂ ತನ್ನ ಉತ್ತರ ಇಟ್ಟುಕೊಂಡಿದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಟ್ಟವರ ಮನೋಬಲವನ್ನು ದೂರುವ ರೂಢಿ ನಮ್ಮಲ್ಲಿ ಅತಿಯಾಗಿದೆ, ಸಿಕ್ಕಿರುವ ಸಾಕ್ಷ್ಯ ಆ ದೂರನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ.

ಕಾಲುಭಾಗದ ಲೆಕ್ಕದಿಂದ ಲಂಡನ್ನಿನ ಬಸ್ಸಿನವರೆಗೆ

ಪ್ರಶ್ನೆ ಹೊಸದಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ, ಮೈಗೂಡಿಹೋದ ಅಹಿತವನ್ನು ಬಿಡುವ ಕ್ರಮ ಬರುತ್ತದೆ. ಒಂದೇ ಸಲಕ್ಕೆ ಬಿಡಕೂಡದು. ಮೊದಲು ಕಾಲುಭಾಗ ಬಿಟ್ಟು ಆ ಜಾಗಕ್ಕೆ ಹಿತವಾದದ್ದನ್ನು ತರಬೇಕು, ನಡುವೆ ಬಿಡುವು ಕೊಟ್ಟು ಅರ್ಧಕ್ಕೆ, ಆಮೇಲೆ ಮುಕ್ಕಾಲಿಗೆ ಹೋಗಬೇಕು. ವ್ಯಾಯಾಮದ ಬಗ್ಗೆ ಸುಶ್ರುತ ಸಂಹಿತೆಯ ಸಲಹೆ ಇದಕ್ಕೆ ಹೊಂದುವಂಥದ್ದೇ: ನಿನ್ನ ಶಕ್ತಿಯ ಅರ್ಧದಷ್ಟು ಮಾಡು, ಬಾಯಲ್ಲಿ ಉಸಿರಾಡುವ ಹಂತ ಬಂದಾಗ ನಿಲ್ಲಿಸು. ಎರಡೂ ಸೂಚನೆಗಳ ಹಿಂದೆ ನಾಳೆಯ ಯೋಚನೆ ಇದೆ. ಇವತ್ತು ಪೂರ್ತಿ ಸುಸ್ತಾದವನು ನಾಳೆ ಬರಲಾರ ಎಂಬುದನ್ನು ಅವರು ಕಂಡಿದ್ದರು.

ಆದರೆ ಹಿಂದಿನ ಕಾಲದ ಬಹುಜನರಿಗೆ ವ್ಯಾಯಾಮವೆಂಬ ಪ್ರತ್ಯೇಕ ಗಳಿಗೆ ಬೇಕಾಗಿರಲಿಲ್ಲ. ಬೀಸುಕಲ್ಲು, ಒರಳು, ನೀರು ಸೇದುವ ಬಾವಿ, ಗದ್ದೆಯ ಕೆಸರು ಅದನ್ನು ದಿನದೊಳಗೇ ಹಾಕಿಟ್ಟಿದ್ದವು. ಪ್ರತ್ಯೇಕವಾಗಿ ಮೈ ಹುರಿಗೊಳಿಸಬೇಕೆಂದವರಿಗೆ ಮೈಸೂರು ಸೀಮೆಯಲ್ಲಿ ಗರಡಿ ಮನೆಗಳಿದ್ದವು. ಕೆಮ್ಮಣ್ಣಿನ ಅಖಾಡ, ಹೇಳಿಕೊಡುವ ಉಸ್ತಾದ್, ಜೊತೆಯಲ್ಲಿ ಸಾಮು ಮಾಡುವ ಕೇರಿಯ ಹುಡುಗರು, ಎದುರಿಗೆ ದಸರಾ ಕುಸ್ತಿ. ಇವತ್ತು ಮನಶ್ಶಾಸ್ತ್ರಜ್ಞರು ಬೇರೆ ಬೇರೆ ಹೆಸರಿಟ್ಟು ಬಿಡಿಸಿ ಹೇಳುವ ಹಲವು ಅಂಶಗಳು ಅಲ್ಲಿ ಒಟ್ಟಿಗೇ ಇದ್ದವು. ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆದಿರಲಿಲ್ಲ ಎಂಬುದನ್ನೂ ಹೇಳಲೇಬೇಕು.

ದುಡಿಮೆಯಿಂದ ಮೈಯ ಚಲನೆ ಬೇರ್ಪಟ್ಟದ್ದು ಎಷ್ಟು ದುಬಾರಿ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1953ರಲ್ಲಿ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ, ಕೂತೇ ಇರುವ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚು ಎಂದು ಜೆರೆಮಿ ಮಾರಿಸ್ ಮತ್ತು ಸಂಗಡಿಗರು ತೋರಿಸಿದರು. ಅದೇ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯವರು ಬೇರೊಂದು ಸಮಸ್ಯೆಯಲ್ಲಿ ಸಿಕ್ಕಿಕೊಂಡಿದ್ದರು: ಕ್ಷಯರೋಗ ಪತ್ತೆಗೆ ಎಕ್ಸ್‌-ರೇ ಮಾಡುತ್ತೇವೆಂದರೂ ಜನ ಯಾಕೆ ಬರುವುದಿಲ್ಲ? ಅಪಾಯ ತನಗೂ ಇದೆ ಎಂಬ ಅರಿವು, ಮಾಡಿದರೆ ಲಾಭವಿದೆ ಎಂಬ ನಂಬಿಕೆ ಹುಟ್ಟಿದರೆ ಮನುಷ್ಯ ಕ್ರಮ ಕೈಗೊಳ್ಳುತ್ತಾನೆ ಎಂಬ ‘ಆರೋಗ್ಯ ನಂಬಿಕೆ ಮಾದರಿ’ ಅಲ್ಲಿ ಹುಟ್ಟಿತು. ಒಂದು ದಿನ ಹೋಗಿ ಎಕ್ಸ್‌-ರೇ ತೆಗೆಸಿಕೊಳ್ಳುವ ಕೆಲಸಕ್ಕೆ ಈ ವಿವರಣೆ ಸಾಕಾಗಬಹುದು. ಪ್ರತಿದಿನ ಮೂರು ಹೊತ್ತು ಎದುರಾಗುವ ತಟ್ಟೆಗೆ ಸಾಲದು. 1959ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ತೂಕ ಇಳಿಸುವ ಚಿಕಿತ್ಸೆಗೆ ಬಂದ 100 ಜನರ ಲೆಕ್ಕ ಪ್ರಕಟಿಸಿದರು. ಎರಡು ವರ್ಷದ ನಂತರ ಇಳಿದ ತೂಕವನ್ನು ಉಳಿಸಿಕೊಂಡಿದ್ದವರು ಇಬ್ಬರು. ಚಿಕಿತ್ಸೆಗೆಂದೇ ಬಂದ ಅವರಿಗೆ ಅಪಾಯದ ಅರಿವು ಇರಲಿಲ್ಲ ಎನ್ನಲಾಗದು.

ಮನೋಬಲದ ಪಂಥ

ಅರಿವು ಸಾಲದಾದಾಗ ಮೊದಲು ಹೊಳೆಯುವ ಉತ್ತರ ಮನೋಬಲ. ಇದನ್ನು ಪ್ರಯೋಗಾಲಯಕ್ಕೆ ತಂದವರು ರಾಯ್ ಬಾಮೈಸ್ಟರ್. 1998ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಆಗಷ್ಟೇ ಬೇಯಿಸಿದ ಚಾಕೊಲೇಟ್ ಬಿಸ್ಕತ್ತಿನ ಘಮದ ನಡುವೆ ಕೂತು ಬರೀ ಮೂಲಂಗಿ ತಿನ್ನಬೇಕಾದವರು, ಬಿಡಿಸಲಾಗದ ಒಗಟೊಂದನ್ನು ಕೊಟ್ಟಾಗ ಬಿಸ್ಕತ್ತು ತಿಂದವರಿಗಿಂತ ಬೇಗ ಕೈಚೆಲ್ಲಿದರು. ಆತ್ಮಸಂಯಮ ಬಳಸಿದಷ್ಟೂ ಬರಿದಾಗುವ ಸಂಪನ್ಮೂಲ ಎಂಬುದು ಅದರಿಂದ ತೆಗೆದ ತೀರ್ಮಾನ. ಸಂಜೆ ಆಫೀಸಿನಿಂದ ಸುಸ್ತಾಗಿ ಬಂದವರು ಬಜ್ಜಿ ಬೋಂಡಾಕ್ಕೆ ಮನಸೋಲುವುದು ಏಕೆ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ವಿವರಣೆ ಇರಲಿಲ್ಲ. ನೂರಾರು ಅಧ್ಯಯನಗಳು ಇದರ ಮೇಲೆ ನಿಂತವು. 2016ರಲ್ಲಿ 23 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಮರುಪರೀಕ್ಷೆ ಮಾಡಿದಾಗ ಆ ಪರಿಣಾಮ ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು. ಬಾಮೈಸ್ಟರ್ ಪಕ್ಷದವರು ಆ ಪರೀಕ್ಷೆಯ ವಿಧಾನವೇ ಸರಿಯಿಲ್ಲ ಎಂದು ವಾದಿಸಿದರು. ಜಗಳ ಪೂರ್ತಿ ತಣಿದಿಲ್ಲ, ಆದರೆ ಸಿದ್ಧಾಂತಕ್ಕೆ ಮೊದಲಿದ್ದ ಭದ್ರತೆ ಹೋಗಿದೆ.

ಈ ವಾಗ್ವಾದದಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಎಳೆಯಿದೆ. ಕೃಷ್ಣ ಸಾವನಿ ಮತ್ತು ವೆರೊನಿಕಾ ಯೋಬ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತೀಯರು ಕಷ್ಟದ ಸಂಯಮದ ಕೆಲಸವೊಂದನ್ನು ಮುಗಿಸಿದ ಮೇಲೆ ಮುಂದಿನ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಿದರು. ಸಂಯಮ ಶಕ್ತಿಯನ್ನು ಹೀರುತ್ತದೆ ಎಂಬುದಕ್ಕಿಂತ ಹೆಚ್ಚಿಸುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿರುವುದನ್ನು ಅವರು ಕಾರಣವಾಗಿ ಹೇಳಿದರು. ಏಕಾದಶಿಯ ನಿರಾಹಾರ, ರಂಜಾನಿನ ಉಪವಾಸ, ಜೈನರ ಚಾತುರ್ಮಾಸದ ವ್ರತ, ಶಬರಿಮಲೆಗೆ ಮಾಲೆ ಹಾಕಿದವರ 41 ದಿನಗಳ ನೇಮ ಕಂಡವರಿಗೆ ಇದು ಅಚ್ಚರಿಯಲ್ಲ. ವರ್ಷವಿಡೀ ಸಿಗರೇಟು ಬಿಡಲಾಗದವರು ಮಾಲೆ ಹಾಕಿದ ದಿನದಿಂದ ಅದನ್ನು ಮುಟ್ಟುವುದಿಲ್ಲ. ಆದರೆ ವ್ರತಕ್ಕೂ ಜೀವನಪೂರ್ತಿ ಪಥ್ಯಕ್ಕೂ ದೊಡ್ಡ ಅಂತರವಿದೆ ಎಂದು ನನಗೆ ಅನಿಸುತ್ತದೆ. ವ್ರತಕ್ಕೆ ಮುಗಿಯುವ ದಿನ ಇದೆ, ಜೊತೆಗಾರರಿದ್ದಾರೆ, ಮನೆಯವರು ಅಡುಗೆಯನ್ನೇ ಬದಲಿಸುತ್ತಾರೆ, ಮುರಿಯಬಾರದು ಎಂಬ ಗೌರವವನ್ನು ಊರೇ ಕೊಡುತ್ತದೆ. ಮಧುಮೇಹಿಯ ಪಥ್ಯಕ್ಕೆ ಇವುಗಳಲ್ಲಿ ಹೆಚ್ಚಿನವು ಇಲ್ಲ. ವ್ರತದಲ್ಲಿ ಗೆದ್ದ ಅದೇ ವ್ಯಕ್ತಿ ಪಥ್ಯದಲ್ಲಿ ಸೋತರೆ ಕಾರಣವನ್ನು ಅವನ ಮನಸ್ಸಿನಲ್ಲಿ ಹುಡುಕಬೇಕಿಲ್ಲ.

ರೂಢಿಯ ಪಂಥ

ಮನಸ್ಸು ಮಾಡುವ ಅಗತ್ಯವೇ ಬಾರದಂತೆ ಮಾಡಿಕೊಳ್ಳಿ ಎನ್ನುವುದು ಎರಡನೆಯ ಪಂಥ. 1890ರಲ್ಲೇ ವಿಲಿಯಂ ಜೇಮ್ಸ್ ತಮ್ಮ ಮನಶ್ಶಾಸ್ತ್ರದ ಗ್ರಂಥದಲ್ಲಿ ಅಭ್ಯಾಸಕ್ಕೆ ಒಂದು ಅಧ್ಯಾಯ ಮೀಸಲಿಟ್ಟಿದ್ದರು. ಈಗಿನ ಕಾಲದಲ್ಲಿ ವೆಂಡಿ ವುಡ್ ಈ ಪಂಥದ ಮುಖ್ಯ ದನಿ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಸುಳಿವು ಮತ್ತೆ ಮತ್ತೆ ಬಂದಾಗ ಕೆಲಸ ತಾನಾಗಿ ನಡೆಯತೊಡಗುತ್ತದೆ, ಆಮೇಲೆ ಅದಕ್ಕೆ ಉತ್ಸಾಹದ ಊರುಗೋಲು ಬೇಡ ಎಂಬುದು ಇವರ ವಾದದ ತಿರುಳು. ಬೆಳಿಗ್ಗೆ ಹಲ್ಲುಜ್ಜಲು ಯಾರೂ ಸ್ಫೂರ್ತಿಗಾಗಿ ಕಾಯುವುದಿಲ್ಲ.

ಹೊಸ ರೂಢಿಗೆ 21 ದಿನ ಸಾಕು ಎಂಬ ಮಾತು ವಾಟ್ಸ್‌ಆ್ಯಪಿನಲ್ಲಿ ಸದಾ ಸುತ್ತುತ್ತಿರುತ್ತದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಹೊಂದಿಕೊಳ್ಳಲು ಜನರಿಗೆ ಕನಿಷ್ಠ ಅಷ್ಟು ದಿನ ಹಿಡಿಯುತ್ತದೆ ಎಂದು ಅವರು ಗಮನಿಸಿದ್ದರು. ವ್ಯಾಯಾಮಕ್ಕೂ ಅದಕ್ಕೂ ಸಂಬಂಧವಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ 96 ಜನರನ್ನು 12 ವಾರ ಗಮನಿಸಿ ಮಾಡಿದ ಅಧ್ಯಯನದಲ್ಲಿ ರೂಢಿ ಗಟ್ಟಿಯಾಗಲು ಹಿಡಿದ ಮಧ್ಯಮ ಅವಧಿ 66 ದಿನ. ಲೆಕ್ಕದ ಅಂದಾಜಿನಂತೆ ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ ಮೈಗೂಡಿತು, ವ್ಯಾಯಾಮ ನಿಧಾನವಾಗಿ. ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ: ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಒಂದು ದಿನವೂ ತಪ್ಪದ ಸರಪಳಿಯ ಲೆಕ್ಕ ತೋರಿಸುವ ಮೊಬೈಲ್ ಆ್ಯಪುಗಳು ಇದಕ್ಕೆ ತದ್ವಿರುದ್ಧವಾದ ಪಾಠ ಹೇಳುತ್ತಿವೆ.

ಈ ಪಂಥಕ್ಕೂ ಮಿತಿಗಳಿವೆ. ಒಂದು ಹೊತ್ತಿಗೆ ಕಟ್ಟಿಹಾಕಿದ ರೂಢಿ ಆ ಹೊತ್ತು ಕೈತಪ್ಪಿದಾಗ ಏನಾಗುತ್ತದೆ? ಜಾನ್ ಬೆಶಿಯರ್ಸ್ ಮತ್ತು ಸಂಗಡಿಗರು ಗೂಗಲ್ ಕಂಪನಿಯ 2,508 ನೌಕರರಲ್ಲಿ ಕೆಲವರಿಗೆ ತಾವೇ ಆರಿಸಿಕೊಂಡ ನಿಗದಿತ ಹೊತ್ತಿನಲ್ಲಿ ಜಿಮ್‌ಗೆ ಹೋದರೆ ಮಾತ್ರ ಹಣ ಕೊಟ್ಟರು, ಕೆಲವರಿಗೆ ಯಾವ ಹೊತ್ತಿನಲ್ಲಿ ಹೋದರೂ ಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಣ ನಿಂತ ಮೇಲೆ ಹೆಚ್ಚು ಹೋದವರು ಎರಡನೆಯ ಗುಂಪಿನವರು. ನಿಗದಿತ ಹೊತ್ತಿನವರು ಆ ಹೊತ್ತು ತಪ್ಪಿದರೆ ಇಡೀ ದಿನವನ್ನೇ ಬಿಡುತ್ತಿದ್ದರು. ಮಲೆನಾಡಿನ ಮಳೆಗಾಲ, ಬೆಂಗಳೂರಿನ ಟ್ರಾಫಿಕ್, ಮಕ್ಕಳ ಪರೀಕ್ಷೆ, ಆಷಾಢ ಕಳೆದೊಡನೆ ಸಾಲುಗಟ್ಟುವ ಹಬ್ಬಗಳನ್ನು ನೆನೆದರೆ ನಮ್ಮ ಬದುಕಿನಲ್ಲಿ ಹೊತ್ತು ತಪ್ಪುವ ಸಂದರ್ಭಗಳೇ ಹೆಚ್ಚು. ಊಟದ ವಿಷಯದಲ್ಲಂತೂ ರೂಢಿಯ ವಿವರಣೆ ಇನ್ನೂ ತೆಳುವಾಗುತ್ತದೆ. ಏನು ಅಡುಗೆ ಎಂಬುದು ದಿನದಿನದ ತೀರ್ಮಾನ, ಅದನ್ನು ಉಣ್ಣುವವರೇ ಮಾಡುವುದೂ ಇಲ್ಲ.

ಇಷ್ಟದ ಪಂಥ

1971ರಲ್ಲಿ ಎಡ್ವರ್ಡ್ ಡೆಸಿ ವಿದ್ಯಾರ್ಥಿಗಳಿಗೆ ಆಸಕ್ತಿ ಹುಟ್ಟಿಸುವ ಒಗಟುಗಳನ್ನು ಕೊಟ್ಟು, ಕೆಲವರಿಗೆ ಹಣವನ್ನೂ ಕೊಟ್ಟರು. ಹಣ ನಿಂತ ಮೇಲೆ, ಹಣ ಪಡೆದವರು ಬಿಡುವಿನ ಹೊತ್ತಿನಲ್ಲಿ ಒಗಟಿನತ್ತ ಕೈಹಾಕುವುದು ಕಡಿಮೆಯಾಯಿತು. ಅಲ್ಲಿಂದ ಬೆಳೆದದ್ದು ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸ್ವನಿರ್ಧಾರ ಸಿದ್ಧಾಂತ. ಇದು ತನ್ನ ಆಯ್ಕೆ ಎಂಬ ಭಾವ, ಇದು ತನ್ನ ಕೈಲಾಗುತ್ತದೆ ಎಂಬ ವಿಶ್ವಾಸ, ಇದರಲ್ಲಿ ತನಗೆ ಜೊತೆಯಿದೆ ಎಂಬ ನೆಮ್ಮದಿ, ಈ ಮೂರು ಸಿಕ್ಕಿದ ಕೆಲಸ ಬಾಳುತ್ತದೆ ಎನ್ನುತ್ತದೆ ಅದು. ಕ್ಲಿನಿಕ್ಕಿನಲ್ಲಿ ಬೈಸಿಕೊಂಡು ಮನೆಗೆ ಬಂದವರು ಕೆಲವೇ ವಾರ ಪಥ್ಯ ಮಾಡಿ ಬಿಡುವುದನ್ನು ಈ ಸಿದ್ಧಾಂತ ಚೆನ್ನಾಗಿ ವಿವರಿಸುತ್ತದೆ.

ಇದಕ್ಕೆ ಹತ್ತಿರದ ಇನ್ನೆರಡು ಮಾತುಗಳಿವೆ. ಒಂದು, ಪಾಂಟೆಲೀಮನ್ ಎಕೆಕಾಕಿಸ್ ಅವರಂಥ ಸಂಶೋಧಕರದು: ವ್ಯಾಯಾಮ ಮಾಡುತ್ತಿರುವಾಗಲೇ ಹಿತವೆನಿಸಿತೋ ಇಲ್ಲವೋ ಎಂಬುದು ಮುಂದುವರಿಕೆಯನ್ನು ಬಹಳ ಮಟ್ಟಿಗೆ ನಿರ್ಧರಿಸುತ್ತದೆ. ಉಸಿರುಗಟ್ಟುವ ವೇಗಕ್ಕೆ ತಳ್ಳಿದಾಗ ಹೆಚ್ಚಿನವರಿಗೆ ಹಿಂಸೆಯಾಗುತ್ತದೆ, ಹಿಂಸೆಯಾದದ್ದಕ್ಕೆ ಜನ ಮರಳುವುದಿಲ್ಲ. ಅರ್ಧಶಕ್ತಿಯ ಹಳೆಯ ಸೂತ್ರ ಇಲ್ಲಿ ಬೇರೆ ದಾರಿಯಿಂದ ಬಂದು ಸೇರುತ್ತದೆ. ಇನ್ನೊಂದು ಅಲೆಕ್ಸಾಂಡರ್ ರಾತ್‌ಮನ್ 2000ದಲ್ಲಿ ಮಂಡಿಸಿದ ವಾದ. ಮುಂದೆ ಸಿಗಬಹುದಾದ ಫಲದ ನಿರೀಕ್ಷೆ ಜನರನ್ನು ಶುರು ಮಾಡಿಸುತ್ತದೆ. ಈವರೆಗೆ ಸಿಕ್ಕ ಫಲದ ಬಗ್ಗೆ ಇರುವ ತೃಪ್ತಿ ಉಳಿಸುತ್ತದೆ. ಮೂರು ತಿಂಗಳಲ್ಲಿ ಹತ್ತು ಕಿಲೊ ಎಂಬ ಜಾಹೀರಾತು ಜನರನ್ನು ಬಾಗಿಲವರೆಗೆ ತರುತ್ತದೆ, ಅದೇ ಭರವಸೆ ನಾಲ್ಕನೆಯ ತಿಂಗಳಲ್ಲಿ ಅವರನ್ನು ಹೊರಗೆ ಕಳಿಸುತ್ತದೆ. ನಿದ್ದೆ ಚೆನ್ನಾಗಿ ಬರುತ್ತಿದೆ, ಮೆಟ್ಟಿಲು ಹತ್ತಿದರೆ ಏದುಸಿರು ಇಲ್ಲ, ಮಂಡಿ ನೋವು ತಗ್ಗಿದೆ ಎಂಬಂಥ ಫಲಗಳನ್ನು ಎಣಿಸುವವರು ಹೆಚ್ಚು ಕಾಲ ನಿಲ್ಲುತ್ತಾರೆ ಎಂದು ನಿರೀಕ್ಷಿಸಲು ಈ ವಾದದಲ್ಲಿ ಕಾರಣವಿದೆ.

ಜೊತೆಯ ವಿಷಯದಲ್ಲಿ ರೆನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ 1999ರಲ್ಲಿ ತೋರಿಸಿದ ವ್ಯತ್ಯಾಸ ದೊಡ್ಡದು. ಒಬ್ಬಂಟಿಯಾಗಿ ಬಂದು ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಇಳಿದ ತೂಕವನ್ನು ಹತ್ತನೆಯ ತಿಂಗಳಲ್ಲೂ ಪೂರ್ತಿ ಉಳಿಸಿಕೊಂಡವರು ಶೇ 24. ಗೆಳೆಯರೊಂದಿಗೆ ಸೇರಿ ಪರಸ್ಪರ ಬೆಂಬಲದ ತರಬೇತಿಯನ್ನೂ ಪಡೆದವರಲ್ಲಿ ಶೇ 66. ಲಾಲ್‌ಬಾಗಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ವರ್ಷಗಟ್ಟಲೆ ಒಟ್ಟಿಗೆ ನಡೆಯುವ ಹಿರಿಯರ ಗುಂಪುಗಳಿಗೆ ಈ ಅಂಕಿ ಹೊಸದೇನನ್ನೂ ಹೇಳುವುದಿಲ್ಲ. ನಡಿಗೆಯಷ್ಟೇ ಮಾತೂ ಅವರನ್ನು ಬೆಳಿಗ್ಗೆ ಎಬ್ಬಿಸುತ್ತದೆ.

ಹಣದ ಆಸೆ, ಮರಳಿ ಬರುವ ದಾರಿ

ಅರ್ಥಶಾಸ್ತ್ರಜ್ಞರು ಬಹುಮಾನ, ಲಾಟರಿ, ಠೇವಣಿ ಎಲ್ಲವನ್ನೂ ಪ್ರಯೋಗಿಸಿದ್ದಾರೆ. ಹಣ ಇರುವವರೆಗೆ ಕೆಲಸ ನಡೆಯುತ್ತದೆ, ನಿಂತ ಮೇಲೆ ಬಹುಮಟ್ಟಿಗೆ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಹೇಳುವುದು ಬೇಕಿಲ್ಲ, ಒಂದು ದೊಡ್ಡ ಪ್ರಯೋಗದ ಹೊರತು. ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು ಅಮೆರಿಕದ ಜಿಮ್ ಸರಣಿಯೊಂದರ 61,293 ಸದಸ್ಯರ ಮೇಲೆ 54 ಬಗೆಯ ಪ್ರೇರಣೆಗಳನ್ನು ನಾಲ್ಕು ವಾರ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ಅವುಗಳಲ್ಲಿ ಶೇ 45ರಷ್ಟು ಪ್ರೇರಣೆಗಳು ಜಿಮ್‌ಗೆ ಬರುವುದನ್ನು ಗಮನಾರ್ಹವಾಗಿ ಹೆಚ್ಚಿಸಿದವು. ನಾಲ್ಕು ವಾರ ಕಳೆದ ಮೇಲೂ ಅಳೆಯಬಹುದಾದ ಪರಿಣಾಮ ಉಳಿದದ್ದು ಶೇ 8ರಷ್ಟಕ್ಕೆ ಮಾತ್ರ. ಎಲ್ಲದರಲ್ಲಿ ಚೆನ್ನಾಗಿ ನಡೆದದ್ದು, ತಪ್ಪಿಸಿಕೊಂಡ ಮೇಲೆ ಮತ್ತೆ ಬಂದವರಿಗೆ ಪುಟ್ಟ ಬಹುಮಾನ ಕೊಡುವ ಯೋಜನೆ.

ತಪ್ಪಿದ ಮೇಲೆ ಮರಳುವುದರ ಮಹತ್ವವನ್ನು ಅಲನ್ ಮಾರ್ಲಾಟ್ ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ಬಹಳ ಹಿಂದೆಯೇ ಕಂಡಿದ್ದರು. ಜೂಡಿತ್ ಗಾರ್ಡನ್ ಜೊತೆ 1985ರಲ್ಲಿ ತಂದ ಪುಸ್ತಕದಲ್ಲಿ ಅವರು ಹೇಳಿದ್ದು ಇದು: ಒಂದು ತಪ್ಪಿಗಿಂತ, ಆ ತಪ್ಪಿಗೆ ಮನುಷ್ಯ ಕೊಟ್ಟುಕೊಳ್ಳುವ ಅರ್ಥ ಹೆಚ್ಚು ಹಾನಿ ಮಾಡುತ್ತದೆ. ಹಬ್ಬದಲ್ಲಿ ಎರಡು ಹೋಳಿಗೆ ತಿಂದವರು ತನ್ನಿಂದ ಇದು ಸಾಧ್ಯವೇ ಇಲ್ಲ ಎಂದುಕೊಂಡರೆ ಮೂರನೆಯದೂ ಹೋಗುತ್ತದೆ, ಮರುದಿನದ ನಡಿಗೆಯೂ ಹೋಗುತ್ತದೆ. ಪಥ್ಯದ ಯೋಜನೆಯೊಳಗೇ ಹಬ್ಬವನ್ನೂ ಹಬ್ಬದ ಮರುದಿನವನ್ನೂ ಬರೆದಿಡಬೇಕು ಎಂಬುದು ಇದರಿಂದ ಹೊರಡುವ ಕೆಲಸದ ಮಾತು. ನಮ್ಮಲ್ಲಿ ಕೊಡುವ ಡಯಟ್ ಚಾರ್ಟುಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ವರ್ಷದಲ್ಲಿ ಹಬ್ಬ, ಮದುವೆ, ತಿಥಿ, ಜಾತ್ರೆ ಇಲ್ಲದ ತಿಂಗಳು ನಮ್ಮ ಯಾರ ಮನೆಯಲ್ಲಿದೆ?

ದೇಹ ಎದುರು ನಿಂತಾಗ

ಇದುವರೆಗಿನ ಪಂಥಗಳೆಲ್ಲ ಮನಸ್ಸಿನ ಸುತ್ತ ಇದ್ದವು. ಶರೀರಶಾಸ್ತ್ರಜ್ಞರ ಆಕ್ಷೇಪ ಬೇರೆ ದಿಕ್ಕಿನದು, ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಅತ್ಯಂತ ಭಾರದ್ದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಆನ್ಸೆಲ್ ಕೀಸ್ ಮಿನೆಸೋಟದಲ್ಲಿ 36 ಆರೋಗ್ಯವಂತ ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟರು. ಯುದ್ಧದಿಂದ ಹಸಿದ ಯುರೋಪಿಗೆ ನೆರವಾಗಲೆಂದು ಒಪ್ಪಿ ಬಂದ ದೃಢಮನಸ್ಸಿನ ಯುವಕರು ಅವರು. ಕೆಲವೇ ವಾರಗಳಲ್ಲಿ ಅವರಿಗೆ ಅನ್ನದ ಹೊರತು ಬೇರೆ ಯೋಚನೆ ಇಲ್ಲದಾಯಿತು. ಅಡುಗೆ ಪುಸ್ತಕಗಳನ್ನು ಓದುತ್ತ ಕೂತರು, ಮಂಕಾದರು, ಸಿಡುಕಾದರು.

2011ರಲ್ಲಿ ಪ್ರಿಯಾ ಸುಮಿತ್ರನ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ 50 ಜನರ ತೂಕ ಇಳಿಸಿ ಅವರ ರಕ್ತದಲ್ಲಿನ ಹಸಿವಿನ ಹಾರ್ಮೋನುಗಳನ್ನು ಅಳೆದರು. ವರ್ಷ ಕಳೆದ ಮೇಲೂ ಆ ಹಾರ್ಮೋನುಗಳು ಹಸಿವು ಹೆಚ್ಚಿಸುವ ಕಡೆಗೇ ವಾಲಿದ್ದವು. 2016ರಲ್ಲಿ ಕೆವಿನ್ ಹಾಲ್, ತೂಕ ಇಳಿಸುವ ಅಮೆರಿಕದ ಟಿ.ವಿ. ಸ್ಪರ್ಧೆಯೊಂದರ 14 ಸ್ಪರ್ಧಿಗಳನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಅವರ ಮೈ ವಿಶ್ರಾಂತಿಯಲ್ಲಿ ಸುಡುವ ಶಕ್ತಿ ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಇಳಿದ ಒಂದೊಂದು ಕಿಲೊಗೂ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ ಎಂಬುದು ಹಾಲ್ ತಂಡದ ಇನ್ನೊಂದು ಅಂದಾಜು. ಅಂದರೆ ಹತ್ತು ಕಿಲೊ ಇಳಿಸಿದವರು ಪ್ರತಿದಿನ ಸಾವಿರ ಕ್ಯಾಲೊರಿಯಷ್ಟು ಹೆಚ್ಚಿನ ಹಸಿವನ್ನು ತಡೆದುಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಕೂತು ನಿನಗೆ ಮನಸ್ಸಿಲ್ಲ ಎಂದು ಹೇಳುವವರಿಗೆ ಆ ಹಸಿವು ಕಾಣುವುದಿಲ್ಲ. ಇದು ಅನ್ಯಾಯದ ಮಾತು, ಇದನ್ನು ಆಡುವುದನ್ನು ನಿಲ್ಲಿಸಬೇಕು.

ಆದರೆ ಈ ಪುರಾವೆಯೆಲ್ಲ ತೂಕದ ಬಗ್ಗೆ ಇದೆ. ನಡಿಗೆಗೆ, ಸೊಪ್ಪು ತರಕಾರಿಗೆ, ಸಕ್ಕರೆಯಿಲ್ಲದ ಕಾಫಿಗೆ ದೇಹ ಈ ರೀತಿ ಎದುರು ನಿಲ್ಲುತ್ತದೆ ಎಂದು ಅದು ಹೇಳುವುದಿಲ್ಲ. ಮೊದಲು ಹೇಳಿದ ಅಮೆರಿಕದ ಅಧ್ಯಯನದಲ್ಲಿ ತೂಕ ಮರಳಿಯೂ ಲಾಭ ಉಳಿದಿತ್ತು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ ಮಧುಮೇಹದ ಅಪಾಯ ಶೇ 28.5ರಷ್ಟು ತಗ್ಗಿತು. ತೂಕದ ಯಂತ್ರವನ್ನೇ ಏಕೈಕ ತೀರ್ಪುಗಾರನನ್ನಾಗಿ ಇಟ್ಟುಕೊಂಡವರು, ಫಲ ಸಿಗುತ್ತಿರುವಾಗಲೇ ಸೋತೆವೆಂದು ಭಾವಿಸಿ ಬಿಡುತ್ತಿದ್ದಾರೆ ಎಂಬ ಆತಂಕ ನನಗಿದೆ.

ಅಡುಗೆಮನೆ ಮತ್ತು ಬೀದಿ

ಉಳಿದ ಎಲ್ಲ ಪಂಥಗಳೂ ಒಬ್ಬ ವ್ಯಕ್ತಿಯನ್ನು ಎದುರಿಗಿಟ್ಟುಕೊಂಡು ಮಾತಾಡುತ್ತವೆ. ಪರಿಸರದ ಪಂಥ ಅವನ ಸುತ್ತ ನೋಡುತ್ತದೆ. ಕೆವಿನ್ ಹಾಲ್ 2019ರಲ್ಲಿ 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಕಾರ್ಖಾನೆಯಲ್ಲಿ ವಿಪರೀತ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎಷ್ಟು ಬೇಕಾದರೂ ತಿನ್ನಬಹುದಿತ್ತು. ಮೊದಲ ಬಗೆಯ ಆಹಾರ ಸಿಕ್ಕಾಗ ಅವರೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಜನ ಅವರೇ, ಮನೋಬಲವೂ ಅದೇ, ತಟ್ಟೆ ಬೇರೆ.

ಭಾರತದಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕರು 2000ದಲ್ಲಿ ಶೇ 22ರಷ್ಟಿದ್ದವರು 2022ರಲ್ಲಿ ಶೇ 49ಕ್ಕೆ ಏರಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜು. ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಇಪ್ಪತ್ತೆರಡು ವರ್ಷದಲ್ಲಿ ಒಂದು ದೇಶದ ಮನೋಬಲ ಅರ್ಧಕ್ಕಿಳಿಯಲು ಸಾಧ್ಯವಿಲ್ಲ. ಬದಲಾದದ್ದು ಕೆಲಸ, ವಾಹನ, ರಸ್ತೆ, ಪರದೆ. ಹೆಂಗಸರ ಅಂಕಿಯ ಪಕ್ಕದಲ್ಲಿ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯನ್ನು ಇಡಬೇಕು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಆಗ ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಬೆಳಗಿನ ಆರು ಗಂಟೆ ಗಂಡನಿಗೆ ವಾಕಿಂಗ್ ಹೊತ್ತಾದರೆ ಹೆಂಡತಿಗೆ ಡಬ್ಬಿ ಕಟ್ಟುವ ಹೊತ್ತು. ಅವನಿಗೆ ಸಕ್ಕರೆ ಕಾಯಿಲೆ ಬಂದರೆ ಅವಳು ಮುದ್ದೆಯೋ ಜೋಳದ ರೊಟ್ಟಿಯೋ ಬೇರೆ ಮಾಡುತ್ತಾಳೆ. ಕಾಯಿಲೆ ಅವಳಿಗೆ ಬಂದರೆ ಮನೆಯವರೆಲ್ಲರಿಗೂ ಅನ್ನ ಮಾಡಿ, ತನಗೊಬ್ಬಳಿಗೇ ಬೇರೆ ಯಾಕೆಂದು ಅದನ್ನೇ ಉಣ್ಣುವುದು ಎಷ್ಟೋ ಮನೆಗಳ ಕಥೆ. ಇದನ್ನು ಪ್ರೇರಣೆಯ ಕೊರತೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸುತ್ತಲನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಚೆನ್ನೈನ ಏಷಿಯಾಡ್ ಕಾಲೊನಿಯ ಉದಾಹರಣೆ ಇದೆ. ಡಾ. ವಿ. ಮೋಹನ್ ಅವರ ತಂಡ ಅಲ್ಲಿನ ನಿವಾಸಿಗಳಿಗೆ ಸಕ್ಕರೆ ಕಾಯಿಲೆಯ ಬಗ್ಗೆ ತಿಳಿವಳಿಕೆ ಕೊಟ್ಟಿತು. ನಿವಾಸಿಗಳು ತಾವೇ ಹಣ ಹಾಕಿ ಉದ್ಯಾನವೊಂದನ್ನು ಕಟ್ಟಿಕೊಂಡರು. ವ್ಯಾಯಾಮ ಮಾಡುವವರ ಪ್ರಮಾಣ ಶೇ 14.2ರಿಂದ ಶೇ 58.7ಕ್ಕೆ ಏರಿತು. ಈ ಪಂಥಕ್ಕೆ ಎದುರಾಗಿರುವ ಪ್ರಶ್ನೆಯೂ ಇಲ್ಲೇ ಇದೆ: ಉದ್ಯಾನ ಜನರನ್ನು ಬದಲಿಸಿತೋ, ಉದ್ಯಾನ ಕಟ್ಟುವಷ್ಟು ಒಗ್ಗಟ್ಟಾದ ಜನ ಅದಾಗಲೇ ಬದಲಾಗಿದ್ದರೋ?

ದಕ್ಷಿಣ ಭಾರತದ ಇನ್ನೆರಡು ಪ್ರಯೋಗಗಳನ್ನು ಒಟ್ಟಿಗೆ ನೋಡಬೇಕು. ರಾಮಚಂದ್ರನ್ ತಂಡ ದುಡಿಯುವ 537 ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಎರಡು ವರ್ಷ ಮೊಬೈಲ್ ಸಂದೇಶ ಕಳಿಸಿತು; ಅವರಲ್ಲಿ ಶೇ 18 ಮಂದಿಗೆ ಮಧುಮೇಹ ಬಂದರೆ ಉಳಿದ ಗುಂಪಿನಲ್ಲಿ ಶೇ 27 ಮಂದಿಗೆ ಬಂತು. ಕೇರಳದಲ್ಲಿ 1,007 ಜನರಲ್ಲಿ ಅರ್ಧದಷ್ಟು ಮಂದಿಯನ್ನು ಊರಿನವರೇ ಮುನ್ನಡೆಸುವ ಗುಂಪುಗಳಾಗಿ ಸೇರಿಸಿ ಎರಡು ವರ್ಷ ನಡೆಸಿದ ಕಾರ್ಯಕ್ರಮದಲ್ಲಿ ಆ ಅಂಕಿ ಶೇ 14.9 ಮತ್ತು ಶೇ 17.1, ವ್ಯತ್ಯಾಸ ಖಚಿತವೆನ್ನುವಷ್ಟು ಇರಲಿಲ್ಲ. ಸಮುದಾಯದ ಬಲವನ್ನು ನಂಬುವ ನನ್ನಂಥವರಿಗೆ ಈ ಎರಡನೆಯ ಫಲಿತಾಂಶ ನುಂಗಲು ಕಷ್ಟ. ಪುಟ್ಟ ಸಂದೇಶವೊಂದು ಗೆದ್ದ ಕಡೆ, ಅಷ್ಟು ಶ್ರದ್ಧೆಯಿಂದ ಕಟ್ಟಿದ ಗುಂಪು ಏಕೆ ಸ್ಪಷ್ಟವಾಗಿ ಗೆಲ್ಲಲಿಲ್ಲ ಎಂಬುದಕ್ಕೆ ಯಾವ ಪಂಥವೂ ಸಮಾಧಾನದ ಉತ್ತರ ಕೊಟ್ಟಿಲ್ಲ.

ತೀರ್ಮಾನವಾಗದೆ ಉಳಿದದ್ದು

ಮೊದಲನೆಯದು ಅವಧಿಯ ಪ್ರಶ್ನೆ. ನಾಲ್ಕು ವಾರ, ಹನ್ನೆರಡು ವಾರ, ಎರಡು ವರ್ಷದ ಅಧ್ಯಯನಗಳಿಂದ ಮೂವತ್ತು ವರ್ಷದ ನಡವಳಿಕೆಯ ಬಗ್ಗೆ ಮಾತಾಡುತ್ತಿದ್ದೇವೆ. ಚೀನಾದ ಡಾಚಿಂಗ್ ನಗರದಲ್ಲಿ 1986ರಲ್ಲಿ ಶುರುವಾಗಿ 577 ಜನರನ್ನು 30 ವರ್ಷ ಹಿಂಬಾಲಿಸಿದಂಥ ಅಧ್ಯಯನಗಳು ಬೆರಳೆಣಿಕೆಯಷ್ಟು. ಅಲ್ಲಿ ಆರು ವರ್ಷದ ಮಾರ್ಗದರ್ಶನ ಮಧುಮೇಹವನ್ನು ಸರಾಸರಿ ಸುಮಾರು ನಾಲ್ಕು ವರ್ಷ ಮುಂದೂಡಿತು, ಲಾಭ ದಶಕಗಳವರೆಗೆ ಕಂಡಿತು. ಜನ ಅಷ್ಟು ಕಾಲವೂ ಕ್ರಮ ಉಳಿಸಿಕೊಂಡರೋ, ಆ ಆರು ವರ್ಷಗಳೇ ದೇಹದಲ್ಲಿ ಏನನ್ನೋ ಉಳಿಸಿದವೋ ಎಂಬುದು ಬಿಡಿಸಲಾಗದ ಗಂಟಾಗಿಯೇ ಇದೆ. ಎರಡನೆಯದೇ ನಿಜವಾದರೆ, ಒಮ್ಮೆ ಬಿಟ್ಟವರನ್ನು ಸೋತವರ ಪಟ್ಟಿಗೆ ಸೇರಿಸುವ ಲೆಕ್ಕವನ್ನೇ ಬದಲಿಸಬೇಕಾಗುತ್ತದೆ.

ಎರಡನೆಯದು ಔಷಧದ್ದು. ಸೆಮಾಗ್ಲುಟೈಡ್ ಚುಚ್ಚುಮದ್ದು 68 ವಾರಗಳಲ್ಲಿ ತೂಕವನ್ನು ಸರಾಸರಿ ಶೇ 15ರಷ್ಟು ಇಳಿಸುತ್ತದೆ ಎಂದು 2021ರಲ್ಲಿ ತಿಳಿಯಿತು. ಚುಚ್ಚುಮದ್ದು ಬಿಟ್ಟು ವರ್ಷ ಕಳೆಯುವುದರೊಳಗೆ ಇಳಿದದ್ದರಲ್ಲಿ ಮೂರನೆಯ ಎರಡು ಭಾಗ ಮರಳಿತು ಎಂಬುದೂ ಮುಂದೆ ತಿಳಿಯಿತು. ಈ ಬಗೆಯ ಔಷಧಗಳು ತೂಕ ಇಳಿಸುವುದಕ್ಕೆಂದೇ 2025ರಲ್ಲಿ ನಮ್ಮ ಮಾರುಕಟ್ಟೆಗೂ ಬಂದವು. ಹಸಿವಿನ ಒತ್ತಡವನ್ನು ಔಷಧ ತಗ್ಗಿಸಿದಾಗ ಜನ ಆ ಬಿಡುವಿನಲ್ಲಿ ಹೊಸ ರೂಢಿ ಕಟ್ಟಿಕೊಳ್ಳುತ್ತಾರೋ, ಔಷಧವಿದೆಯೆಂದು ಇದ್ದ ನಡಿಗೆಯನ್ನೂ ಬಿಡುತ್ತಾರೋ ಎಂಬುದರ ಮೇಲೆ ಮುಂದಿನ ದಶಕದ ವಾದಗಳು ನಿಲ್ಲಲಿವೆ.

ಮೂರನೆಯದು, ಪಂಥಗಳ ನಡುವಿನ ಹೊಂದಾಣಿಕೆ. ಯಾರಿಗೆ ರೂಢಿಯ ಬಿಗಿ ಒಗ್ಗುತ್ತದೆ, ಯಾರಿಗೆ ಸಡಿಲಿಕೆ, ಯಾರಿಗೆ ಗೆಳೆಯರ ಗುಂಪು, ಯಾರಿಗೆ ಒಂಟಿ ನಡಿಗೆ ಎಂದು ಮೊದಲೇ ಹೇಳುವ ವಿಧಾನ ಯಾರ ಬಳಿಯೂ ಇಲ್ಲ. ಸಲಹೆ ಕೊಡುವವರು ತಮಗೆ ಒಗ್ಗಿದ್ದನ್ನೇ ಎಲ್ಲರಿಗೂ ಹೇಳುತ್ತಿದ್ದಾರೆ.

ಕೊನೆಯದು ನನಗೆ ಅತ್ಯಂತ ತುರ್ತಿನದಾಗಿ ಕಾಣುತ್ತದೆ. ಮೊಬೈಲ್ ಸಂದೇಶದ ಪ್ರಯೋಗ ಗಂಡಸರ ಮೇಲೆ ನಡೆದದ್ದು. ಅವರ ತಟ್ಟೆ ಬದಲಾಗಿದ್ದರೆ ಅದನ್ನು ಬದಲಿಸಿದವರು ಯಾರು, ಅದಕ್ಕಾಗಿ ಅವರ ದಿನಕ್ಕೆ ಎಷ್ಟು ನಿಮಿಷದ ಕೆಲಸ ಕೂಡಿತು, ಅವರ ಸ್ವಂತ ನಡಿಗೆ, ಊಟ, ರಕ್ತದ ಸಕ್ಕರೆ ಏನಾಯಿತು ಎಂಬ ಲೆಕ್ಕ ಇಂಥ ಫಲಿತಾಂಶಗಳ ಕೋಷ್ಟಕದಲ್ಲಿ ಬರುವುದಿಲ್ಲ. ವ್ಯಕ್ತಿಯ ಬದಲು ಮನೆಯನ್ನೇ ಒಂದು ಘಟಕವಾಗಿ ಹಿಡಿದು, ಅಡುಗೆ ಮಾಡುವವರನ್ನೂ ಉಣ್ಣುವವರನ್ನೂ ಒಟ್ಟಿಗೆ ಅಳೆದರೆ ಈವರೆಗಿನ ಯಾವ ಪಂಥದ ಅಂಕಿಗಳು ಉಳಿಯುತ್ತವೆ, ಯಾವುವು ಬೀಳುತ್ತವೆ?